ಮೌಸ್ ಪಕ್ಕಕ್ಕಿಟ್ಟು ನೋಡಿ

ಯಾವುದಾದರೂ ವೆಬ್‌ಸೈಟ್ ತೋರಿಸಿ, ಇದನ್ನು ಕಣ್ಣು ಕಾಣದವರೂ ಬಳಸಬಹುದಾ ಅಂತ ಕೇಳಿ. ಮಾಡಿದವರು ತಪಾಸಣೆ ಸಾಫ್ಟ್‌ವೇರು ಕೊಟ್ಟ ನೂರಕ್ಕೆ ನೂರು ಅಂಕ ತೋರಿಸುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಚಿತ್ರದಲ್ಲಿ ಏನಿದೆ ಅಂತ ಹೇಳುವ ವಿವರಣೆ ಕೋಡ್‌ನಲ್ಲಿ ಇದೆಯಾ ಇಲ್ಲವಾ ಅನ್ನುವುದು ಆ ಸಾಫ್ಟ್‌ವೇರಿಗೆ ಗೊತ್ತಾಗುತ್ತದೆ, ಅಷ್ಟೇ. ಹಸುವಿನ ಫೋಟೋಗೆ 'ಬಸ್ಸು' ಅಂತ ಬರೆದಿದ್ದರೂ ಪಾಸು!

ಕಣ್ಣು ಕಾಣದವರಿಗೆ ಮೌಸ್ ಅಲ್ಲ, ಕೀಬೋರ್ಡೇ ಆಧಾರ. ನೀವೂ ಮೌಸ್ ಬಿಟ್ಟು, ಬರೀ ಟ್ಯಾಬ್ ಕೀ ಒತ್ತುತ್ತಾ ಒಂದು ಅರ್ಜಿ ತುಂಬಿ ನೋಡಿ. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಸಲೀಸು. ಕೊನೆಗೆ ಹಸಿರು ಬಣ್ಣದ 'ಸಲ್ಲಿಸಿ' ಬಟನ್ ಕಣ್ಣೆದುರೇ ಇದೆ, ಟ್ಯಾಬ್ ಮಾತ್ರ ಅದನ್ನು ಹಾರಿಸಿಕೊಂಡು ಮುಂದೆ ಹೋಗುತ್ತದೆ. ಯಾಕೆಂದರೆ ಕೋಡ್‌ನಲ್ಲಿ ಅದು ಬಟನ್ನೇ ಅಲ್ಲ. 'ಡಿವ್' ಅನ್ನುವ ಖಾಲಿ ಡಬ್ಬಕ್ಕೆ ಬಣ್ಣ ಬಳಿದು, ಕ್ಲಿಕ್ ಮಾಡಿದರೆ ಕೆಲಸ ಮಾಡುವ ಹಾಗೆ ಇಟ್ಟಿರುತ್ತಾರೆ.

ಕಣ್ಣು ಕಾಣದವರಿಗೆ ಪುಟವನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರು ಸ್ಕ್ರೀನ್ ರೀಡರ್. ಅದು ಪರದೆಯನ್ನು ನೋಡಿ ಓದುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಓದುವುದು ಬ್ರೌಸರ್ ಕೋಡ್‌ನಿಂದ ತಯಾರಿಸಿ ಕೊಡುವ ಒಂದು ಪಟ್ಟಿಯನ್ನು. ಇದು ಬಟನ್, ಹೆಸರು 'ಸಲ್ಲಿಸಿ', ಈಗ ಒತ್ತಬಹುದು: ಇಷ್ಟು ಆ ಪಟ್ಟಿಯಲ್ಲಿ ಇರಬೇಕು. ನಿಜವಾದ ಬಟನ್ ಟ್ಯಾಗ್ ಹಾಕಿದ್ದರೆ ಇದೆಲ್ಲ ಪುಕ್ಕಟೆ ಬರುತ್ತಿತ್ತು.

ಹೊಸ ತಕರಾರೇನಲ್ಲ ಇದು. ಸಿಡ್ನಿ ಒಲಿಂಪಿಕ್ಸ್ ವೆಬ್‌ಸೈಟಿನ ಚಿತ್ರಗಳಿಗೆ ವಿವರಣೆ ಇಲ್ಲ ಅಂತ ಬ್ರೂಸ್ ಮ್ಯಾಗ್ವೈರ್ ಎಂಬ ಅಂಧ ವ್ಯಕ್ತಿ 1999ರಲ್ಲೇ ದೂರು ಕೊಟ್ಟಿದ್ದರು. ಖರ್ಚು ಜಾಸ್ತಿ ಅಂತ ಸಂಘಟಕರು ವಾದಿಸಿದರು, ಸೋತರು. 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು. ನಮ್ಮಲ್ಲಿ ಆನ್‌ಲೈನಿನಲ್ಲಿ ಗುರುತು ಪರಿಶೀಲಿಸುವ ಇ-ಕೆವೈಸಿಯಲ್ಲಿ 'ಕಣ್ಣು ಮಿಟುಕಿಸಿ' ಅಂತ ಕೇಳುವ ವಿಚಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಡಿಜಿಟಲ್ ಸೇವೆ ಸಿಗುವುದೂ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು 2025ರ ಏಪ್ರಿಲ್ 30ರಂದು ಹೇಳಿತು.

ಕನ್ನಡ ಪುಟಗಳಿಗೆ ಇನ್ನೊಂದಷ್ಟು ತಾಪತ್ರಯ ಇದೆ. ಕೋಡ್‌ನಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತ ಇದ್ದರೆ ಕನ್ನಡ ಸಾಲುಗಳು ಇಂಗ್ಲಿಷ್ ದನಿಯ ಪಾಲಾಗಬಹುದು. ಅದರ ಜಾಗದಲ್ಲಿ ಕನ್ನಡದ ಸಂಕೇತವಾದ 'ಕೆಎನ್' (kn) ಅನ್ನುವ ಎರಡಕ್ಷರ ಹಾಕಿದರೆ ಸಾಕು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಏಕರೂಪದ ಕಂಪ್ಯೂಟರ್ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಿವಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸುತ್ತೋಲೆಯ ಫೋಟೋ ತೆಗೆದು ಸುಮ್ನೆ ಹಾಕಿದರಂತೂ ಓದಲು ಅಕ್ಷರವೇ ಇರುವುದಿಲ್ಲ.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ. ಹಾಕಿಕೊಂಡು, ಮಾನಿಟರ್ ಆಫ್ ಮಾಡಿ ನಿಮ್ಮದೇ ಅರ್ಜಿ ತುಂಬಿ. ಆಮೇಲೆ ದಿನಾ ಅದನ್ನೇ ಬಳಸುವ ಒಬ್ಬರನ್ನು ಕರೆಸಿ, ದುಡ್ಡು ಕೊಟ್ಟೇ, ಪರೀಕ್ಷೆ ಮಾಡಿಸಿ.