ಗಾಳಿಯಂತ್ರದ ರೆಕ್ಕೆ ಬಾಗಿರುವುದೇಕೆ?

ಚಿತ್ರದುರ್ಗದ ಹೆದ್ದಾರಿಯಲ್ಲಿ ಟ್ರೇಲರ್ ಮೇಲೆ ಸಾಗುವ ಗಾಳಿಯಂತ್ರದ ರೆಕ್ಕೆಯನ್ನು ಕಂಡವರಿಗೆ ಒಂದು ಅನುಮಾನ ಬಂದಿರಬಹುದು: ತುದಿ ಬಾಗಿದೆಯಲ್ಲ, ದಾರಿಯಲ್ಲಿ ಪೆಟ್ಟು ಬಿತ್ತೇ? ಇಲ್ಲ, ಅಚ್ಚಿನಲ್ಲೇ ಹಾಗೆ ಬಾಗಿಸಿರುತ್ತಾರೆ. ಯಂತ್ರಕ್ಕೇರಿಸಿದ ಮೇಲೆ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಹೆಚ್ಚುಕಡಿಮೆ ನೆಟ್ಟಗೆ ಮಾಡುತ್ತದೆ. ಮೊದಲೇ ನೆಟ್ಟಗಿದ್ದಿದ್ದರೆ ಜೋರು ಗಾಳಿಗೆ ಬಗ್ಗಿ ಕಂಬಕ್ಕೇ ಬಡಿಯುವ ಅಪಾಯವಿತ್ತು.

ರೆಕ್ಕೆ ಹೀಗೆ ಬಳುಕುವಂತಾಗಿದ್ದು ತೂಕ ಇಳಿಸುವ ಹಟದಿಂದ. ಉದ್ದ ಇಮ್ಮಡಿಯಾದರೆ ರೆಕ್ಕೆಗೆ ಸಿಗುವ ಗಾಳಿ ನಾಲ್ಕು ಪಟ್ಟು. ಆದರೆ ಅಗಲ, ದಪ್ಪವನ್ನೂ ಅದೇ ಅಳತೆಯಲ್ಲಿ ಹಿಗ್ಗಿಸಿದರೆ ತೂಕ ಎಂಟು ಪಟ್ಟು. ಉಕ್ಕಿನಲ್ಲಿ ಈ ಲೆಕ್ಕ ಗಿಟ್ಟುವುದಿಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ 1941ರಲ್ಲಿ ನಿಂತ 1.25 ಮೆಗಾವಾಟ್ ಯಂತ್ರದ ಒಂದೊಂದು ಉಕ್ಕಿನ ರೆಕ್ಕೆಯೂ ಸುಮಾರು 8 ಟನ್ ತೂಗುತ್ತಿತ್ತು. 1945ರ ಮಾರ್ಚ್‌ನಲ್ಲಿ ಒಂದು ಮುರಿದು ಹಾರಿಹೋಯಿತು. 1957ರಲ್ಲಿ ಜರ್ಮನಿಯ ಉಲ್ರಿಚ್ ಹ್ಯೂಟರ್ 34 ಮೀಟರ್ ವ್ಯಾಸದ ಯಂತ್ರಕ್ಕೆ ಫೈಬರ್ ಗ್ಲಾಸ್ (ರಾಳದಲ್ಲಿ ಹಿಡಿದಿಟ್ಟ ಗಾಜಿನ ನಾರು) ರೆಕ್ಕೆ ಕೂರಿಸಿದರು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಡೆನ್ಮಾರ್ಕಿನಲ್ಲಿ ದೋಣಿ ಮಾಡುತ್ತಿದ್ದ ಕೈಗಳೂ ಇದೇ ಕೆಲಸಕ್ಕಿಳಿದವು.

ಕಥೆ ಗೋಜಲಾಗುವುದು 1980–90ರ ದಶಕಗಳಲ್ಲಿ. ಆಗಿನ ಬಹಳಷ್ಟು ಯಂತ್ರಗಳಲ್ಲಿ ಜೋರು ಗಾಳಿಯ ಹೊಡೆತ ತಗ್ಗಿಸಲು ರೆಕ್ಕೆಯನ್ನು ಬುಡದಲ್ಲಿ ತಿರುಗಿಸುವ ವ್ಯವಸ್ಥೆಯೇ ಇರಲಿಲ್ಲ. ಗಾಳಿ ಜೋರಾದಂತೆ ಅದು ರೆಕ್ಕೆಗೆ ಬಡಿಯುವ ಕೋನ ಹೆಚ್ಚುತ್ತದೆ. ಒಂದು ಹಂತ ದಾಟಿದರೆ ಗಾಳಿ ಮೇಲ್ಮೈಯನ್ನು ಬಿಟ್ಟು ಚದುರುತ್ತದೆ, ರೆಕ್ಕೆಯನ್ನು ಸುತ್ತಿಸುವ ಎತ್ತುವ ಬಲ ಕುಸಿಯುತ್ತದೆ. ವಿಮಾನದವರು ಹೆದರುವ ಈ 'ಸ್ಟಾಲ್' ಇಲ್ಲಿ ಪುಕ್ಕಟೆ ಬ್ರೇಕ್ ಆಯಿತು. ಜಾಣತನವೇ, ಅನುಮಾನವಿಲ್ಲ.

ರೆಕ್ಕೆ ಗಿಡ್ಡಗಿರುವವರೆಗೆ ಎಲ್ಲ ಸರಿಯಿತ್ತು. ಉದ್ದವಾಗಿ, ಹಗುರವಾಗಿ ಬಳುಕತೊಡಗಿದಾಗ ಸ್ಟಾಲ್ ತಿರುಗಿಬಿತ್ತು. ಸಾಮಾನ್ಯವಾಗಿ ತೂಗಾಡುವ ರೆಕ್ಕೆಯನ್ನು ಗಾಳಿಯೇ ತಡೆದು ನಿಲ್ಲಿಸುತ್ತದೆ. ಸ್ಟಾಲ್‌ನಲ್ಲಿ ಹಾಗಲ್ಲ, ತೂಗುಯ್ಯಾಲೆಗೆ ಹೊತ್ತು ನೋಡಿ ತಳ್ಳು ಕೊಟ್ಟಂತೆ ಗಾಳಿಯೇ ಅದನ್ನು ತೂಗಬಲ್ಲದು. ಫೈಬರ್ ಗ್ಲಾಸ್ ತಾನಾಗಿ ಅದುರನ್ನು ನುಂಗುವುದು ಕಡಿಮೆ. ಕೆಲವು ರೆಕ್ಕೆಗಳ ಒಳಗೆ ಅದುರುತಡೆ ಸಾಧನ ಇಡಬೇಕಾಯಿತು.

ಅದೇ ಕಾಲದ ಇನ್ನೊಂದು ಒಗಟು ಕ್ಯಾಲಿಫೋರ್ನಿಯಾದ್ದು. ಅದೇ ಯಂತ್ರ, ಅದೇ ಗಾಳಿ, ವಿದ್ಯುತ್ ಮಾತ್ರ ಕೆಲವೊಮ್ಮೆ ಅರ್ಧಕ್ಕಿಳಿಯುತ್ತಿತ್ತು. 2001ರಲ್ಲಿ ಕಾರ್ಟನ್ ಮತ್ತು ವೆಲ್ಡ್‌ಕಾಂಪ್ ಎಂಬ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಬೊಟ್ಟುಮಾಡಿದ್ದು ಕೀಟಗಳತ್ತ. ಹುಳುಗಳು ಹಾರುವುದು ಮಂದ ಗಾಳಿಯಲ್ಲಿ. ಸತ್ತು ರೆಕ್ಕೆಯ ಮುಂಅಂಚಿಗೆ ಅಂಟಿಕೊಂಡರೂ ಆಗ ತೊಂದರೆಯಿಲ್ಲ. ಗಾಳಿ ಜೋರಾಗಿ ಕೋನ ಬದಲಾದಾಗ ಹೀರುವ ಬಲ ಅತಿ ಹೆಚ್ಚಿರುವುದು ಅದೇ ಜಾಗದಲ್ಲಿ. ಅಲ್ಲಿನ ತರಿತರಿ ಸ್ಟಾಲನ್ನು ಬೇಗ ತರುತ್ತದೆ. ಕೋಟಿ ಬೆಲೆಯ ಯಂತ್ರಕ್ಕೆ ಬೇಕಿದ್ದದ್ದು ಒಂದು ಒಳ್ಳೆಯ ಮಳೆ, ಇಲ್ಲವೇ ಒಂದಿಷ್ಟು ತೊಳೆಯುವ ನೀರು!

ಮುಂದೆ ದೊಡ್ಡ ಯಂತ್ರಗಳು ರೆಕ್ಕೆಯನ್ನು ಬುಡದಲ್ಲೇ ತಿರುಗಿಸುವ ಪದ್ಧತಿಗೆ ಹೊರಳಿದವು. ಒಳಗಿನ ತೊಲೆಗೆ ಕಾರ್ಬನ್ ನಾರು ಬಂತು. ಬಳುಕನ್ನೇ ದುಡಿಸಿಕೊಳ್ಳುವ ಉಪಾಯವೂ ಹುಟ್ಟಿತು: ನಾರುಗಳನ್ನು ಓರೆಯಾಗಿ ಹಾಸಿದರೆ ರೆಕ್ಕೆ ಬಗ್ಗುವಾಗ ತುಸು ತಿರುಚಿಕೊಳ್ಳುತ್ತದೆ, ಬಡಿಯುವ ಕೋನ ಇಳಿದು ಬೀಸುಗಾಳಿಯ ಹೊಡೆತ ಜಾರಿಹೋಗುತ್ತದೆ.

2019ರಲ್ಲಿ ಫ್ರಾನ್ಸಿನ ಶೆರ್ಬೂರ್‌ನಲ್ಲಿ 107 ಮೀಟರ್ ಉದ್ದದ ರೆಕ್ಕೆ ಅಚ್ಚಿನಿಂದ ಹೊರಬಂದಾಗ ಅದು ಸುದ್ದಿಯಾಯಿತು. ದೊಡ್ಡ ರೆಕ್ಕೆಗಳ ತುದಿ ಸೆಕೆಂಡಿಗೆ 80–90 ಮೀಟರ್, ಅಂದರೆ ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಆ ವೇಗದಲ್ಲಿ ಮಳೆಹನಿಯೂ ಕಲ್ಲಿನಂತೆ ಬಡಿದು ಮುಂಅಂಚನ್ನು ತಿನ್ನುತ್ತದೆ. ಹುಳುವಿನಿಂದಾದ ತರಿಯನ್ನು ಮಳೆ ತೊಳೆದೀತು. ಮಳೆಯೇ ಮಾಡಿದ ತರಿಗೆ ಹಗ್ಗದಲ್ಲಿ ಜೋತುಬಿದ್ದು ಲೇಪ ಹಚ್ಚುವವರು ಬೇಕು. ಅದು ಸುದ್ದಿಯಾಗುವುದಿಲ್ಲ.

ಗಾಜಿನ ನಾರನ್ನು ಹಿಡಿದಿಡುವ ರಾಳದ ಕಥೆಯೂ ಹಾಗೆಯೇ. ಒಮ್ಮೆ ಗಟ್ಟಿಯಾದರೆ ಅದು ಮತ್ತೆ ಕರಗದು. ಅಮೆರಿಕದ ವಯೋಮಿಂಗ್‌ನಲ್ಲಿ ಹಳೆಯ ರೆಕ್ಕೆಗಳನ್ನು ಕೊಯ್ದು ಸಾಲಾಗಿ ಹೂತ ಚಿತ್ರಗಳು ಹೊರಬಂದ ಮೇಲಷ್ಟೇ ಚರ್ಚೆ ಬಿಸಿಯೇರಿತು. ಸೌಮ್ಯ ಆಮ್ಲದಲ್ಲಿ ಬಿಡಿಸಬಹುದಾದ ರಾಳದ ರೆಕ್ಕೆ 2021ರಲ್ಲಿ ಬಂತು. ಈಗ ಗುಡ್ಡಗಳ ಮೇಲೆ ತಿರುಗುತ್ತಿರುವವುಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೆಯ ರಾಳದವೇ.