ಬೇಸ್ ಗಿಟಾರಿನ ಸದ್ದು ಕುಗ್ಗಿದರೆ ಎಲ್ಲಿ ಹುಡುಕಬೇಕು?

"ಸರ್, ಬೇಸ್ ಸೌಂಡೇ ಬರ್ತಿಲ್ಲ. ಆಕ್ಟಿವ್ ಮಾಡಿಸಿಬಿಡೋಣ್ವಾ?" ರಿಪೇರಿಗೆ ಬೇಸ್ ತರುವ ಹುಡುಗರು ಮೊದಲು ಕೇಳುವುದೇ ಇದನ್ನು. ಬೇಡ, ಸದ್ಯಕ್ಕೆ ಬೇಡ ಅನ್ನುತ್ತೇನೆ. ಸದ್ದು ಎಲ್ಲಿ ಸೋರಿಹೋಗುತ್ತಿದೆ ಅಂತ ಗೊತ್ತಾಗದೆ ಒಳಗೆ ಪ್ರೀಆಂಪ್ (ಸಿಗ್ನಲ್ ತಿದ್ದುವ, ಬ್ಯಾಟರಿಯಿಂದ ಓಡುವ ಸರ್ಕ್ಯೂಟ್) ಕೂರಿಸಿ ಬೇಸನ್ನು ಆಕ್ಟಿವ್ ಮಾಡಿದರೆ ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ.

ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್, 1960ರಲ್ಲಿ ತಂದ ಜಾಝ್ ಬೇಸ್ ಎರಡೂ ಪ್ಯಾಸಿವ್. ಒಳಗೆ ಬ್ಯಾಟರಿ ಇಲ್ಲ. ಸ್ಟ್ರಿಂಗ್‌ಗಳ ಕೆಳಗಿರುವ ಪಿಕಪ್‌ನಲ್ಲಿ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಸ್ಟ್ರಿಂಗ್ ಅಲುಗಿದಾಗ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದು ವಾಲ್ಯೂಮ್, ಟೋನ್ ದಾಟಿ ಕೇಬಲ್‌ಗೆ ಬರುತ್ತದೆ, ಅಷ್ಟೇ. ಇಲ್ಲಿನ ಟೋನ್ ನಾಬ್ ತೀಕ್ಷ್ಣ ಸ್ವರಗಳನ್ನು ಕಡಿಮೆ ಮಾಡಬಲ್ಲದು, ಜಾಸ್ತಿ ಮಾಡಲಾರದು. ಕೇಬಲ್ ಉದ್ದವಾದಷ್ಟೂ ಸ್ವರದ ಹೊಳಪು ಮಾಯವಾಗುತ್ತದೆ.

1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಆಕ್ಟಿವ್ ಬೇಸ್ ಅನ್ನು ಮನೆಮಾತಾಗಿಸಿತು. ಅದರ ಪಿಕಪ್ ಪ್ಯಾಸಿವ್ ಆಗಿಯೇ ಇದೆ. ಪಿಕಪ್ ಆದಮೇಲೆ 9 ವೋಲ್ಟ್ ಬ್ಯಾಟರಿಯಿಂದ ಓಡುವ ಪುಟ್ಟ ಪ್ರೀಆಂಪ್ ಇದೆ. ಅದು ತಗ್ಗು ಸ್ವರ (ಬೇಸ್), ತೀಕ್ಷ್ಣ ಸ್ವರ (ಟ್ರೆಬಲ್) ಎರಡನ್ನೂ ಏರಿಸಬಲ್ಲದು. ಹೊರಗೆ ಬರುವ ಸಿಗ್ನಲ್ ಉದ್ದ ಕೇಬಲ್‌ಗೂ ಜಗ್ಗುವುದಿಲ್ಲ. ಗಣೇಶೋತ್ಸವದ ವೇದಿಕೆಯಲ್ಲಿ ಆಂಪ್ (ಆಂಪ್ಲಿಫೈಯರ್) ಒಂದು ಮೂಲೆ, ನೀವೊಂದು ಮೂಲೆ ಇದ್ದಾಗ ಇದು ದೊಡ್ಡ ಅನುಕೂಲ. ಆದರೆ ಆಕ್ಟಿವ್ ಅಂದರೆ ಜೋರು ಅಂತ ಅರ್ಥವಲ್ಲ. ನಾಬ್‌ಗಳನ್ನು ನಡುವಿನ ಗುರುತಿಗೆ ಇಟ್ಟರೆ ಅನೇಕ ಪ್ರೀಆಂಪ್‌ಗಳು ಒಳಗೆ ಬಂದಷ್ಟನ್ನೇ ಹೊರಗೆ ಬಿಡುತ್ತವೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಬೇರೆ ಕೇಬಲ್, ಬೇರೆ ಆಂಪ್‌ನಿಂದ. ಆಂಪ್‌ನಲ್ಲಿ ಆಕ್ಟಿವ್, ಪ್ಯಾಸಿವ್ ಅಂತ ಎರಡು ಇನ್‌ಪುಟ್ ಅಥವಾ ಒಂದು ಬಟನ್ ಇದ್ದರೆ ಗಮನಿಸಿ. ಆಕ್ಟಿವ್ ಕಡೆ ಇಟ್ಟರೆ ಆಂಪ್ ಬರುವ ಸಿಗ್ನಲನ್ನೇ ತಗ್ಗಿಸುತ್ತದೆ, ಸಾಮಾನ್ಯವಾಗಿ 10ರಿಂದ 15 ಡೆಸಿಬೆಲ್. ಪ್ಯಾಸಿವ್ ಬೇಸನ್ನು ಅಲ್ಲಿ ಚುಚ್ಚಿ ಸೌಂಡ್ ಇಲ್ಲ ಅನ್ನುವವರು ಬಹಳ ಜನ.

ಆಕ್ಟಿವ್ ಬೇಸ್ ಆದರೆ ಮುಂದಿನ ಅನುಮಾನ ಬ್ಯಾಟರಿ ಮೇಲೆ. ಅದರಲ್ಲಿ ಆನ್-ಆಫ್ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್. ಅದು ಸ್ಟೀರಿಯೊ ಜ್ಯಾಕ್. ಬ್ಯಾಟರಿಯ ಮೈನಸ್ ವೈರ್ ಅದರ ನಡುವಿನ ರಿಂಗ್‌ಗೆ ಹೋಗಿರುತ್ತದೆ. ಮಾಮೂಲಿ ಮೋನೊ ಪಿನ್ ಚುಚ್ಚಿದಾಗ ಆ ರಿಂಗ್ ಗ್ರೌಂಡ್‌ಗೆ ಸೇರಿ ಪ್ರೀಆಂಪ್ ಆನ್ ಆಗುತ್ತದೆ. ಅಂದರೆ ಪ್ರಾಕ್ಟೀಸ್ ಮುಗಿದಮೇಲೆ ಪಿನ್ ಹಾಗೇ ಬಿಟ್ಟರೆ ರಾತ್ರಿಯಿಡೀ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಪಿನ್ ಹಾಕಿಟ್ಟೇ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಹೊಸತು 9ರ ಮೇಲಿರುತ್ತದೆ. 8ರ ಕೆಳಗೆ ಬಂದರೆ ನಾನು ಬದಲಿಸಿಬಿಡುತ್ತೇನೆ. ಜೋರಾಗಿ ನುಡಿಸಿದಾಗ ಸ್ವರ ಒಡೆಯುವುದು, ಆಮೇಲೆ ಸದ್ದು ಇಳಿಯುವುದು ಬ್ಯಾಟರಿ ಸಾಯುವ ಲಕ್ಷಣ. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆಯಾದರೆ ಬ್ಯಾಟರಿ ಕ್ಲಿಪ್, ಜ್ಯಾಕ್‌ನ ಬೆಸುಗೆ ನೋಡಿ. ಕರಾವಳಿಯ ಉಪ್ಪುಗಾಳಿಗೆ ಇವು ಬೇಗ ಹಾಳಾಗುತ್ತವೆ. ಕೆಲವು ಪ್ರೀಆಂಪ್‌ಗಳ ಬೋರ್ಡ್ ಮೇಲೆ ಗೇನ್‌ಗೆಂದೇ (ಸಿಗ್ನಲ್ ಎಷ್ಟು ಏರಬೇಕು ಅನ್ನುವುದಕ್ಕೆ) ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಯಾರೋ ತಗ್ಗಿಸಿಟ್ಟಿರಲೂಬಹುದು.

ಪ್ಯಾಸಿವ್ ಬೇಸ್‌ಗೆ ನನ್ನ ಮೆಚ್ಚಿನ ಪರೀಕ್ಷೆ ಒಂದಿದೆ. ಏನನ್ನೂ ಬಿಚ್ಚಬೇಕಿಲ್ಲ. ಬೇಸ್‌ಗೆ ಕೇಬಲ್ ಹಾಕಿ, ವಾಲ್ಯೂಮ್, ಟೋನ್ ಪೂರ್ತಿ ತೆರೆದು, ಕೇಬಲ್‌ನ ಇನ್ನೊಂದು ತುದಿಯ ಪಿನ್ನಿನ ಮೊನೆಗೂ ಮೈಗೂ ಮಲ್ಟಿಮೀಟರ್ ಹಿಡಿದು ಓಮ್ ನೋಡಿ. ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೋ ಓಮ್ ಬರಬೇಕು. ಜಾಝ್‌ನಲ್ಲಿ ಎರಡು ಪಿಕಪ್ ಸೇರಿ 4ರ ಆಸುಪಾಸು. ಅಲ್ಲೇ 7 ಅಥವಾ 8 ತೋರಿಸಿದರೆ ಒಂದು ಪಿಕಪ್ ಕಡಿದುಹೋಗಿದೆ, ಇಲ್ಲವೇ ಅದರ ವೈರ್ ಬಿಟ್ಟಿದೆ. ನೂರಾರು ಕಿಲೋ ಓಮ್ ಬಂದರೆ ಪಿಕಪ್‌ನ ದಾರಿಯೇ ತುಂಡಾಗಿದೆ, ಮೀಟರ್‌ಗೆ ಬರೀ ಪಾಟ್ (ನಾಬ್‌ನ ಕೆಳಗಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್) ಕಾಣುತ್ತಿದೆ.

ಮೀಟರ್ ಸರಿ ತೋರಿಸಿಯೂ ಸದ್ದು ಸೋತಿದ್ದರೆ ಪಿಕಪ್ ಎತ್ತರ ನೋಡಿ. ಸ್ಟ್ರಿಂಗನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಪಿಕಪ್‌ಗೂ ಸ್ಟ್ರಿಂಗ್‌ಗೂ 2ರಿಂದ 3 ಮಿಲಿಮೀಟರ್ ಅಂತರ ಇದ್ದರೆ ಚೆನ್ನ. ಪಕ್ಕದ ಸ್ಕ್ರೂ ತಿರುಗಿಸಿದರೆ ಸಾಕು, ಎಷ್ಟೋ ಬೇಸ್‌ಗಳು ಅಲ್ಲಿಗೇ ಎದ್ದು ಕೂರುತ್ತವೆ. ತೀರಾ ಹತ್ತಿರ ತಂದರೆ ಅಯಸ್ಕಾಂತ ಸ್ಟ್ರಿಂಗನ್ನು ಎಳೆದು ಶ್ರುತಿ ಅಲೆಯುತ್ತದೆ, ಜೋಕೆ.

ಇನ್ನೊಂದು ತೊಂದರೆ ಪಿಕಪ್ ಬದಲಿಸಿದವರದು. ಒಂದೊಂದೇ ಪಿಕಪ್ ನುಡಿಸಿದರೆ ಚೆನ್ನಾಗಿದೆ, ಎರಡೂ ಸೇರಿದರೆ ಸ್ವರ ಸಣಕಲು, ತಳವೇ ಇಲ್ಲ. ಒಂದರ ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ಸಿಗ್ನಲ್ ಏರುವಾಗ ಇನ್ನೊಂದರದ್ದು ಇಳಿದು ಎರಡೂ ಒಂದನ್ನೊಂದು ಅಳಿಸುತ್ತಿವೆ ಅಂತ ಲೆಕ್ಕ. ಆ ಪಿಕಪ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿ. ಪಾಟ್ ಬದಲಿಸಿದ್ದರೆ ಅದರ ಮೇಲೆ ಬರೆದ ಓಮ್ ಮೌಲ್ಯವನ್ನೂ ಓದಿ. ಪ್ಯಾಸಿವ್ ಪಿಕಪ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್ ಬೇಕು. ಇಎಂಜಿ ಕಂಪನಿಯದರ ತರಹದ, ಒಳಗೇ ಪ್ರೀಆಂಪ್ ಇರುವ ಆಕ್ಟಿವ್ ಪಿಕಪ್‌ಗೆ 25. ಈ 25ರ ಪಾಟನ್ನು ಪ್ಯಾಸಿವ್‌ಗೆ ಹಾಕಿದರೆ ಸದ್ದೂ ಇಳಿಯುತ್ತದೆ, ಸ್ವರವೂ ಮಂಕಾಗುತ್ತದೆ.

ಇಷ್ಟೆಲ್ಲ ಸರಿಯಿದ್ದು, ವೇದಿಕೆಯಲ್ಲಿ ಸ್ವರ ತಿದ್ದಿಕೊಳ್ಳುವ ಅವಕಾಶ ಇನ್ನೂ ಬೇಕು ಅನಿಸಿದರೆ ಆಗ ಆಕ್ಟಿವ್ ಮಾತಾಡೋಣ. ಆಗಲೂ ನಾನು ಮೊದಲು ಹೇಳುವುದು ಕಾಲ ಬಳಿ ಇಡುವ ಪ್ರೀಆಂಪ್ ಪೆಡಲ್ ಬಗ್ಗೆ. ಬ್ಯಾಟರಿಗೆ ಜಾಗ ಮಾಡಲು ಬೇಸ್‌ನ ಮರ ಕೊರೆಯಬೇಕಿಲ್ಲ, ನಾಳೆ ಬೇರೆ ಬೇಸ್ ಕೊಂಡರೆ ಅದಕ್ಕೂ ಅದೇ ಪೆಡಲ್ ಆಗುತ್ತದೆ.