ಹತ್ತಡಿ ಕೋಣೆಯಲ್ಲಿ ಕಛೇರಿ ಕೇಳುವುದು: ಸಂಗೀತ ಕಲಿಯುವವರಿಗೆ ಒಂದು ಟಿಪ್ಪಣಿ

ತುಮಕೂರಿನಲ್ಲಿ ನಮ್ಮ ಜೊತೆ ಸಂಗೀತ ಪರೀಕ್ಷೆಗೆ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಯಾವ ಸ್ಪೀಕರ್ ತಗೊಳ್ಳಲಿ? ಅದಕ್ಕೂ ಮೊದಲು ಕೇಳಬೇಕಾದ್ದು, ಅದನ್ನು ಎಂಥ ಕೋಣೆಯಲ್ಲಿ ಇಡುತ್ತೀರಿ ಅನ್ನೋದು. ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಸದ್ದು ಒಂದು ಪಾಲು. ಗೋಡೆ, ನೆಲ, ಸೂರಿಗೆ ಬಡಿದು ತಿರುಗಿ ಬರುವುದು ಇನ್ನೊಂದು ಪಾಲು. ಖಾಲಿ ಕೋಣೆಯಲ್ಲಿ ಎರಡನೆಯದೇ ಜಾಸ್ತಿ.

ನಮ್ಮ ಕಡೆ ಈ ತೊಂದರೆ ಹೆಚ್ಚು. ಮಧುಗಿರಿ, ಪಾವಗಡ, ಕೋಲಾರದ ಕಡೆ ಎಷ್ಟೋ ಹಳೆ ಮನೆಗಳಿಗೆ ಕಲ್ಲು ಚಪ್ಪಡಿಯ ಸೂರು. ಹೊಸ ಮನೆಗಳಲ್ಲಿ ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್ ಇಲ್ಲವೇ ಟೈಲ್ಸ್. ಇವು ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಹೀರಿದರೆ ಹೆಚ್ಚು, ಉಳಿದದ್ದನ್ನು ವಾಪಸ್ ಎಸೆಯುತ್ತವೆ.

ಇದಕ್ಕೆ ಒಂದು ಲೆಕ್ಕ ಇದೆ. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಸರಿಮಾಡುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಬಂತು. ಇನ್ನೊಂದು ಸಭಾಂಗಣದ ಸೀಟಿನ ಮೆತ್ತೆಗಳನ್ನು ಹೊತ್ತು ತಂದರು. ರಾತ್ರಿ ಹೊತ್ತು ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಅವರಿಂದ ಬಂದ ಸೂತ್ರ ಹೀಗಿದೆ: 0.161ನ್ನು ಕೋಣೆಯ ಘನ ಅಳತೆಯಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಗೋಡೆ, ನೆಲ, ಸೂರಿನ ಚದರ ಅಳತೆಯನ್ನು ಅವು ಹೀರುವ ಪಾಲಿನಿಂದ ಗುಣಿಸಿದ್ದು) ಭಾಗಿಸಿ. ಅಳತೆ ಮೀಟರಿನಲ್ಲಿರಲಿ. ಸಿಗುವುದು ಸದ್ದು 60 ಡೆಸಿಬೆಲ್ ಇಳಿಯಲು, ಅಂದರೆ ಹೆಚ್ಚೂಕಡಿಮೆ ಅಡಗಲು, ಬೇಕಾದ ಸೆಕೆಂಡು.

ಉದ್ದ, ಅಗಲ, ಎತ್ತರ ಎಲ್ಲವೂ 10 ಅಡಿ ಇರುವ ಕೋಣೆ ಹಿಡಿಯಿರಿ. ಅಳತೆ ಸುಮಾರು 28 ಘನ ಮೀಟರ್. ಆರೂ ಮೈ ಸೇರಿ 56 ಚದರ ಮೀಟರ್. ನೂರಕ್ಕೆ ಎರಡರಂತೆ ಹೀರಿಕೆ 1.1. ಸೂತ್ರಕ್ಕೆ ಹಾಕಿದರೆ ಸುಮಾರು 4 ಸೆಕೆಂಡು! ಈಗ 3 ಅಡಿಗೆ 4 ಅಡಿಯ ಕಿಟಕಿ ತೆರೆಯಿರಿ. ಹೊರಗೆ ಹೋದ ಸದ್ದು ವಾಪಸ್ ಬರೋದಿಲ್ಲ, ಹಾಗಾಗಿ ಅಷ್ಟು ಜಾಗದ ಹೀರಿಕೆ ನೂರಕ್ಕೆ ನೂರು. ಅದೂ 1.1. ಅಲ್ಲಿಗೆ 4 ಸೆಕೆಂಡು ಎರಡಕ್ಕೆ ಇಳಿಯಿತು. (ಬಿ.ಎಚ್. ರಸ್ತೆ ಪಕ್ಕದ ಮನೆಯಾದರೆ ಅದೇ ಕಿಟಕಿಯಿಂದ ಬಸ್ಸಿನ ಹಾರನ್ನೂ ಬರುತ್ತದೆ, ಏನು ಮಾಡೋದು.) ಸಣ್ಣ ಕೋಣೆಗೆ ಈ ಸೂತ್ರ ಒಂದು ಅಂದಾಜು ಅಷ್ಟೇ. ಬಾಗಿಲು, ಮಂಚ, ಕೂತವರ ಮೈ ಬಟ್ಟೆ ಎಲ್ಲವೂ ಹೀರುತ್ತವೆ. ಆದರೂ ದಾರಿ ಗೊತ್ತಾಗುತ್ತದೆ.

ಇದರಿಂದ ಸಂಗೀತಕ್ಕೆ ಏನಾಗುತ್ತದೆ? ಒಂದು ಸ್ವರಕ್ಕೆ ಕಾಲು ಸೆಕೆಂಡು ಅಂದುಕೊಳ್ಳಿ. 4 ಸೆಕೆಂಡಿನ ಕೋಣೆಯಲ್ಲಿ ಮುಂದಿನ ಸ್ವರ ಬರುವಷ್ಟರಲ್ಲಿ ಹಿಂದಿನದು ಇಳಿದಿರೋದು 4 ಡೆಸಿಬೆಲ್ಲಿಗಿಂತ ಕಡಿಮೆ. ಅಂದರೆ ರಿಷಭ ಇನ್ನೂ ಮೊಳಗುತ್ತಿರುವಾಗಲೇ ಗಾಂಧಾರ ಅದರ ಮೇಲೆ ಬಂದು ಕೂರುತ್ತದೆ. ಅರ್ಧ ಸೆಕೆಂಡಿನ ಕೋಣೆಯಲ್ಲಿ ಅದೇ ಇಳಿತ 30 ಡೆಸಿಬೆಲ್. ಗಮಕ ಕೇಳಿ ಕಲಿಯಬೇಕಾದವರಿಗೆ ಈ ವ್ಯತ್ಯಾಸವೇ ಎಲ್ಲ. ಎಷ್ಟು ದುಬಾರಿ ಸ್ಪೀಕರ್ ತಂದರೂ ಇದು ಸರಿಹೋಗೋದಿಲ್ಲ.

ಪರೀಕ್ಷೆ ಸುಲಭ. ಕೋಣೆ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಎದುರುಬದುರು ಗೋಡೆಗಳ ಮಧ್ಯೆ ಸದ್ದು ಓಡಾಡಿ ‘ಟ್ರ್ರ್’ ಅಂತ ಕೇಳಿಸಿದರೆ ಒಂದು ಗೋಡೆಗೆ ಏನಾದರೂ ಹೊದಿಸಬೇಕು. ಹತ್ತಿ ಹಾಸಿಗೆಯನ್ನು ಒರಗಿಸಿ ನಿಲ್ಲಿಸಿ. ಕುರಿ ಉಣ್ಣೆಯ ಕಂಬಳಿಯಿದ್ದರೆ ಮಡಚಿ ನೇತುಹಾಕಿ, ಗೋಡೆಗೆ ಅಂಟಿಸಬೇಡಿ. ಒಂದು ಗೇಣು ಬಿಟ್ಟರೆ ಇನ್ನೂ ಕೆಳಗಿನ ಸ್ಥಾಯಿಯವರೆಗೆ ಹೀರುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೂ ಲಾಭವೇ.

ಆದರೆ ಮೃದಂಗದ ಗುಮ್ಕಿಗೆ (ಎಡಗೈಯಿಂದ ಬರುವ ಆಳದ ಸದ್ದು) ಕಂಬಳಿ ಏನೂ ಮಾಡಲಾರದು. 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಸಲ ಕಂಪಿಸುವ, ಸದ್ದಿನ ಅಲೆಯ ಉದ್ದ ಸುಮಾರು 20 ಅಡಿ. ಅದರ ಅರ್ಧ ನಮ್ಮ ಹತ್ತಡಿ ಕೋಣೆಗೆ ಸರಿಯಾಗಿ ಕೂರುತ್ತದೆ, ಹಾಗಾಗಿ ಆ ಒಂದು ಸದ್ದು ಊದಿಕೊಳ್ಳುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಊತವೂ ಮೂರು ಕಡೆಯಿಂದ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಎದೆಗೆ ಗುದ್ದಿದ ಹಾಗೆ ಬರುತ್ತದೆ. ನಟ್ಟನಡುವೆ ಕೂತರೆ ಅದೇ ಸದ್ದು ಮಾಯ. ಇದಕ್ಕೆ ಮದ್ದು ಜಾಗ ಬದಲಿಸೋದು. ಸ್ಪೀಕರನ್ನು ಮೂಲೆಯಿಂದ, ಟಿವಿ ಶೋಕೇಸಿನ ಗೂಡಿನಿಂದ ಈಚೆ ತನ್ನಿ. ನೀವೂ ಒಂದೆರಡು ಅಡಿ ಮುಂದೆ ಹಿಂದೆ ಸರಿದು ನೋಡಿ. ದುಡ್ಡು ಖರ್ಚಿಲ್ಲದ ಈ ಕೆಲಸದಿಂದ ಆಗುವಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಆಗೋದಿಲ್ಲ ಅನ್ನೋದು ನನ್ನ ಲೆಕ್ಕ.

ಫೋನಿನ ವಿಷಯ. ಒಂದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಸಿ ಹಿಡಿದರೆ, ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿಗೆ ಅದು ಸಾಧ್ಯವೇ ಇಲ್ಲ. ಆದರೂ ಷಡ್ಜ ಕೇಳಿಸುತ್ತದೆ, ಅಲ್ವಾ? 131, 196, 262 ಹೀಗೆ ಮೂಲದ ಎರಡು, ಮೂರು, ನಾಲ್ಕು ಪಟ್ಟಾಗಿ ಸಾಗುವ ಸಹಸ್ವರಗಳಲ್ಲಿ ಮೇಲಿನವು ಬರುತ್ತವೆ, ಮೂಲವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಶ್ರುತಿ ಹಿಡಿಯೋಕೆ ಸಾಕು, ನಾದ ಸವಿಯೋಕೆ ಸಾಲದು. ಕೋಣೆಯ ಗೋಜೇ ಬೇಡ ಅಂದರೆ ಹೆಡ್‌ಫೋನ್ ಒಳ್ಳೆಯದು. ಇಯರ್‌ಫೋನ್ ಆದರೆ ರಬ್ಬರ್ ಟಿಪ್ ಕಿವಿಗೆ ಸರಿಯಾಗಿ ಕೂತಿರಬೇಕು. ಸಂದಿ ಇದ್ದರೆ ಬೇಸ್ ಸೋರಿಹೋಗುತ್ತದೆ.

ಹಳೆ ರೆಕಾರ್ಡು ಕೇಳುವಾಗ ಸ್ಪೀಕರನ್ನು ಬೈಯಬೇಡಿ. ಮೈಕಿನಿಂದ ಧ್ವನಿಮುದ್ರಣ ಶುರುವಾದದ್ದೇ 1925ರಲ್ಲಿ. ಅದಕ್ಕೂ ಮುಂಚೆ ತಗಡಿನ ಕಹಳೆಯ ಮುಂದೆ ನಿಂತು ಹಾಡಬೇಕಿತ್ತು. ಕೆಳಗಿನ ಸ್ಥಾಯಿ ತಟ್ಟೆಯ ಮೇಲೆ ಬಂದೇ ಇಲ್ಲ. ಬೇಸ್ ತಿರುಗಿಸಿದರೆ ಹೆಚ್ಚೋದು ಗುಯ್‌ಗುಡುವ ಸದ್ದು ಮಾತ್ರ.

ಇನ್ನು ಅಂಗಡಿಗೆ ಹೋದರೆ ಎರಡು ಎಚ್ಚರಿಕೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಫ್ಲೆಚರ್, ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಎರಡು ಸ್ಪೀಕರಿನಲ್ಲಿ ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡರ ವಾಲ್ಯೂಮನ್ನೂ ಸಮ ಮಾಡಿಸಿ, ನಿಮಗೆ ಬಾಯಿಪಾಠ ಇರುವ ಕೀರ್ತನೆಯನ್ನೇ ಹಾಕಿಸಿ. ಎರಡನೆಯದು, ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವಾಟ್ ಲೆಕ್ಕಕ್ಕೆ ಹಿಡಿಯಬೇಡಿ, ಸತತವಾಗಿ ಕೊಡಬಲ್ಲ ವಾಟ್, ಅಂದರೆ ಆರ್‌ಎಂಎಸ್ ಎಷ್ಟು ಅಂತ ಕೇಳಿ. ವಾಟ್ ಎರಡು ಪಟ್ಟಾದರೂ ಹೆಚ್ಚೋದು ಬರೀ 3 ಡೆಸಿಬೆಲ್. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ದುಬಾರಿ ಕೇಬಲ್ ತೋರಿಸಿದರೆ ಸುಮ್ನೆ ನಕ್ಕು ಬನ್ನಿ.